ಇನಿಯಾ ತಾನೇ ತಿಂದಳು

ಕಾಂಗೇಯಂ
12-2-2025

ಅಮ್ಮಾ,

ನಿನ್ನ ಸುಗನ್ಯಾ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ಕೂಸು ಹೇಗಿದೆ ಎಂದಷ್ಟೇ ಕೇಳಿ ಇಟ್ಟುಬಿಡುತ್ತೀಯ. ಪತ್ರವನ್ನಾದರೆ ಕೊನೆಯವರೆಗೂ ಓದುತ್ತೀಯ. ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂರಿಸಿಕೊಂಡು ನೀನೇ ಕಲಿಸಿದ ಅಕ್ಷರ, ತಪ್ಪಿದ್ದರೆ ತಿದ್ದಿಕೋ.

ಮೊದಲು ಒಳ್ಳೆಯ ಸುದ್ದಿ. ನಿನ್ನ ಮೊಮ್ಮಗಳು ಇನಿಯಾ ಊಟ ಮಾಡುತ್ತಿದ್ದಾಳೆ! ಯಾರೂ ತಿನ್ನಿಸುತ್ತಿಲ್ಲ, ತಾನೇ ತಿನ್ನುತ್ತಾಳೆ. ಹುಬ್ಬಿಗೆ, ಕಿವಿಗೆ, ತಲೆಗೂದಲಿಗೆ ಕೊಟ್ಟು ಉಳಿದದ್ದು ಅವಳ ಬಾಯಿಗೆ. ಇವತ್ತು ಬೆಳಿಗ್ಗೆ ಬೇಯಿಸಿದ ಸಿಹಿಗುಂಬಳ ಎರಡು ತುಂಡು, ಅರ್ಧ ಇಡ್ಲಿ. ನಿನ್ನೆ ತೂಕ ನೋಡಿದೆವು, ಎರಡು ತಿಂಗಳಿಂದ ಅಲುಗದೆ ನಿಂತಿದ್ದ ಮುಳ್ಳು ಮುಂದೆ ಹೋಗಿದೆ. ನಿನ್ನ ಅಳಿಯ ಅರವಿಂದ್ ತೆಂಗಿನೆಣ್ಣೆ ಮಿಲ್ಲಿನಲ್ಲಿ ಎಲ್ಲರಿಗೂ ಬೊಂಡಾ ತರಿಸಿಕೊಟ್ಟರಂತೆ.

ಇನ್ನು ಬರೆಯಲು ಕಷ್ಟವಾದದ್ದು. ನೀನು ಇಲ್ಲಿಂದ ಹೊರಟುಹೋದ ದಿನ ನಾನು ಆಡಿದ ಮಾತು.

ಅತ್ತೆ ಇನಿಯಾಳನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡಿದ್ದರು. ನೀನು ಅವಳ ಕೆನ್ನೆ ಒತ್ತಿ ಹಿಡಿದು ರಾಗಿ ಸರಿ ಹಾಕುತ್ತಿದ್ದೆ. ಅವಳು ನೀಲಿಗಟ್ಟುವಷ್ಟು ಕಿರುಚುತ್ತಿದ್ದಳು. ಆಗಲೇ ಚಮಚದ ಸದ್ದು ಕೇಳಿದರೆ ಸಾಕು ಮುಖ ತಿರುಗಿಸುವ ಮಟ್ಟಕ್ಕೆ ಬಂದಿದ್ದಳಲ್ಲ. ನಾನು ಚಮಚ ಕಿತ್ತುಕೊಂಡು, "ನನ್ಗೂ ಹಿಂಗೇ ತುರುಕ್ತಿದ್ದೆ ನೀ. ಇನ್ಮೇಲೆ ನಿನ್ ಕೈಗೆ ಕೂಸ್ನ ಕೊಡಲ್ಲ" ಅಂದೆ. ನೀನು ಕೈ ತೊಳೆದು, ಚೀಲ ತೆಗೆದುಕೊಂಡು ಮೂರು ಗಂಟೆಯ ಬಸ್ಸು ಹತ್ತಿದೆ. ನಾನು ತಡೆಯಲೂ ಇಲ್ಲ.

ಮಾರನೆಯ ದಿನ ಧಾರಾಪುರಂ ರಸ್ತೆಯ ಡಾಕ್ಟರಮ್ಮನ ಹತ್ತಿರ ಹೋದೆ. ಕೂಸು ಆಸರೆಯಿಲ್ಲದೆ ಕೂರುತ್ತಾಳೆ, ಕಂಡದ್ದಕ್ಕೆಲ್ಲ ಕೈ ಚಾಚುತ್ತಾಳೆ, ಇನ್ನೇನು ಬೇಕು, ಅವಳ ಕೈಗೇ ಕೊಡಿ ಎಂದರು. ಎರಡು ಬೆರಳ ನಡುವೆ ಒತ್ತಿದರೆ ನಜ್ಜಾಗುವಷ್ಟು ಮೆತ್ತಗೆ ಬೇಯಿಸಬೇಕು, ಬೆರಳುದ್ದ ಕತ್ತರಿಸಬೇಕು, ತಿನ್ನುವಾಗ ಪಕ್ಕದಿಂದ ಏಳಬಾರದು. ಓಕರಿಸಿದರೆ ಹೆದರಬೇಡಿ, ಉಸಿರು ಕಟ್ಟಿ ಸದ್ದೇ ಇಲ್ಲದಿದ್ದರೆ ಹೆದರಿ ಎಂದು ಹೇಳಿ, ಆಗ ಏನು ಮಾಡಬೇಕೆಂದೂ ಕಲಿಸಿಕೊಟ್ಟರು.

ಇಷ್ಟು ಕಲಿತು ಬಂದವಳ ಧೈರ್ಯ ಎಷ್ಟೆಂದು ಕೇಳು. ಸಿಹಿಗುಂಬಳದ ಮೊದಲ ತುಂಡು ಬಾಯಿಗೆ ಹೋಗುತ್ತಲೇ ಇನಿಯಾ ಓಕರಿಸಿದಳು, ಕಣ್ಣಲ್ಲಿ ನೀರು. ಮರುಕ್ಷಣ ತುಂಡನ್ನು ಅವಳೇ ಉಗಿದಳು. ಅಷ್ಟರಲ್ಲಿ ಅತ್ತೆ ಅವಳನ್ನು ಎತ್ತಿಕೊಂಡು ಅಂಗಳ ದಾಟಿದ್ದರು. "ಗಂಟ್ಲಲ್ಲಿ ಸಿಕ್ಕೊಂಡ್ರೆ ಯಾರ್ ಉತ್ರ ಹೇಳೋದು? ನಿನ್ ಡಾಕ್ಟ್ರು ಹೇಳ್ತಾಳಾ?" ಎಂದು ಕೂಗಿದವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ನಿಜ ಹೇಳುತ್ತೇನೆ, ನನಗೂ ಹೆದರಿಕೆಯಾಗಿತ್ತು. ಮಾರನೆಯ ದಿನ ಯಾರಿಗೂ ಕಾಣದಂತೆ ನಾನೇ ರಾಗಿ ಸರಿ ಕಲಸಿ ಚಮಚ ಹಿಡಿದೆ. ಮಹಾರಾಣಿ ಬಾಯಿ ತೆರೆಯಲಿಲ್ಲ. ಆ ಸರಿಯನ್ನು ನಿಂತುಕೊಂಡೇ ನಾನು ಕುಡಿದೆ.

ಮೂರನೆಯ ದಿನ ಬೆಳಿಗ್ಗೆ ಅತ್ತೆ ಕೊಬ್ಬರಿ ಒಣಗಿಸುವ ಕಣದ ಪಕ್ಕ, ಬೇವಿನ ನೆರಳಲ್ಲಿ ಕೂತು ತಿಂಡಿ ತಿನ್ನುತ್ತಿದ್ದರು. ಕೂಸು ಮಡಿಲಲ್ಲಿತ್ತು. ಅವರು ಕಾಗೆ ಓಡಿಸಲು ಕೈ ಎತ್ತಿದರು ನೋಡು, ಇನಿಯಾ ತಟ್ಟೆಗೆ ಕೈ ಹಾಕಿ ಇಡ್ಲಿ ಹಿಡಿದಳು. ಮುಷ್ಟಿಯಲ್ಲಿ ಹಿಸುಕಿದಳು, ಬೆರಳ ಸಂದಿಯಿಂದ ಹೊರಬಂದದ್ದನ್ನು ನೆಕ್ಕಿದಳು, ಆಮೇಲೆ ಕಚ್ಚಿದಳು. ಹಲ್ಲಿಲ್ಲದ ವಸಡಲ್ಲಿ ಅಗಿದಳು! ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತೆಯ ಕೈ ಗಾಳಿಯಲ್ಲೇ ನಿಂತಿತ್ತು. ಕೂಸು ನುಂಗಿತು. ನುಂಗಿ, ಮತ್ತೆ ತಟ್ಟೆಗೆ ಕೈ ಚಾಚಿತು.

"ಅಡಿ ತಿರುಡಿ, ಕಳ್ಳಿ! ಅಜ್ಜಿ ತಟ್ಟೆಗೇ ಕನ್ನ ಹಾಕ್ತೀಯಾ?" ಎಂದು ಅತ್ತೆ ನಗತೊಡಗಿದರು. ನಗುತ್ತಲೇ ತಟ್ಟೆಯನ್ನು ಅವಳ ಹತ್ತಿರ ಸರಿಸಿ, ಖಾರದ ಚಟ್ನಿಯನ್ನು ದೂರ ಇಟ್ಟರು. ನನ್ನನ್ನು ಕಂಡು, "ಏನ್ ನೋಡ್ತಾ ನಿಂತಿದ್ದೀಯೆ ನನ್ ಕಣ್ಣು? ಇನ್ನೊಂದ್ ಇಡ್ಲಿ ತಾ" ಎಂದರು.

ಅಂದಿನಿಂದ ಈ ಮನೆಯಲ್ಲಿ ಡಾಕ್ಟರು ಅತ್ತೆಯೇ. ಸಿಹಿಗೆಣಸನ್ನು ನಾನು ಬೇಯಿಸಿದರೆ ಒಪ್ಪುವುದಿಲ್ಲ, ಬೆರಳಲ್ಲಿ ಒತ್ತಿ ನೋಡಿ ಮತ್ತೆ ಒಲೆಗಿಡುತ್ತಾರೆ. ಪಕ್ಕದ ಮನೆಯ ಪಳನಿಯಮ್ಮಾಳ್ ಚಮಚ ತಂದರೆ, "ನಮ್ ಪಾಪಾ ಕೈಯಲ್ಲೇ ತಿನ್ನೋದು" ಎಂದು ಬಾಗಿಲಲ್ಲೇ ತಡೆಯುತ್ತಾರೆ. ಊಟ ಮುಗಿದ ಮೇಲೆ ನೆಲ, ಗೋಡೆ, ಅಜ್ಜಿ, ಮೊಮ್ಮಗಳು ಎಲ್ಲರಿಗೂ ಸ್ನಾನ.

ನಿನ್ನೆ ಹಾಗೆ ಇನಿಯಾಳ ತಲೆ ತೊಳೆಯುತ್ತಾ ಅತ್ತೆ ಕೇಳಿದರು: "ನಿನ್ ಅಮ್ಮ ನನ್ಗೆ ಹೇಳಿದ್ದು ನಿನ್ಗೆ ಹೇಳೇ ಇಲ್ವಾ? ನೀ ಏಳ್ ತಿಂಗ್ಳಿಗೇ ಹುಟ್ದೋಳು. ಹಾಲು ಎಳ್ಯೋಕೆ ಶಕ್ತಿ ಇರ್ಲಿಲ್ವಂತೆ. ಗಂಟೆಗೊಂದ್ ಸಲ ಒಳಲೇಲಿ ತೊಟ್ಟು ತೊಟ್ಟು ಹಾಲು ಬಾಯಿಗೆ ಬಿಡ್ತಿದ್ಳಂತೆ. ಒಂದ್ ಹೊತ್ತು ತಪ್ಪಿದ್ರೂ ಕೂಸ್ ಉಳ್ಯಲ್ಲ ಅಂತ ಡಾಕ್ಟ್ರು ಅಂದಿದ್ರಂತೆ."

ಅಮ್ಮಾ, ಇಪ್ಪತ್ತೊಂಬತ್ತು ವರ್ಷ ನೀನು ನನಗೆ ಇದನ್ನು ಹೇಳಲಿಲ್ಲ. ಆ ದಿನ ಹೇಳಿದ್ದರೆ ನನ್ನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಆಗಲೂ ಹೇಳಲಿಲ್ಲ.

ಚಮಚ ಬೇಡವೆಂದದ್ದು ತಪ್ಪಲ್ಲ, ಅದನ್ನು ಈಗಲೂ ಹೇಳುತ್ತೇನೆ. ನಿನ್ನ ಕೈಗೆ ಕೂಸನ್ನು ಕೊಡುವುದಿಲ್ಲ ಎಂದದ್ದು ತಪ್ಪು. ನಾನು ಬದುಕಿರುವುದೇ ಆ ಕೈಯಿಂದ. ಕ್ಷಮಿಸು. ಈ ಭಾನುವಾರ ಬಾ. ಬಂದು ಅವಳ ಎದುರು ಕೂತು ಊಟ ಮಾಡು, ಸಾಕು. ನಿನ್ನ ತಟ್ಟೆಯನ್ನು ಅವಳೇ ನೋಡಿಕೊಳ್ಳುತ್ತಾಳೆ. ಬರುವಾಗ ಒಳ್ಳೆಯ ಸೀರೆ ಮಾತ್ರ ಉಡಬೇಡ.

ನಿನ್ನ ಮಗಳು,
ಸುಗನ್ಯಾ

ಮತ್ತೆ: ಬರೆದು ಆರು ದಿನವಾಯಿತು. ಪೋಸ್ಟ್ ಮಾಡಲು ಧೈರ್ಯ ಬರಲಿಲ್ಲ, ನೀನು ಬರುವುದಿಲ್ಲವೇನೋ ಎಂದು. ನಾನು ಬರೆದ ಭಾನುವಾರ ಕಳೆದೇ ಹೋಯಿತು, ಮುಂದಿನ ಭಾನುವಾರ ಬಾ. ಇವತ್ತು ಮಧ್ಯಾಹ್ನ ಇನಿಯಾ ತಾನು ಕಚ್ಚಿದ ಗೆಣಸಿನ ತುಂಡನ್ನು ನನ್ನ ತುಟಿಗೆ ಒತ್ತಿದಳು. ಬೇಡವೆಂದು ಮುಖ ತಿರುಗಿಸಿದೆ. ಅವಳ ಮುಖ ಎಷ್ಟು ಚಿಕ್ಕದಾಯಿತು ಗೊತ್ತಾ? ತಕ್ಷಣ ಬಾಯಿ ತೆರೆದೆ. ಆಮೇಲೆ ಕೈ ತೊಳೆದುಕೊಂಡು ನೇರ ಅಂಚೆ ಕಚೇರಿಗೆ ಬಂದೆ. ಈ ಸಾಲುಗಳನ್ನು ಇಲ್ಲಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.