ಬಲಕ್ಕೆ ತಿರುಗಿಸಿದ ಮ್ಯಾಗಜಿನ್ ಪೌಚು

ಇಂದುಮತಿ,

ಮದ್ವೆ ಮನೆಯೋರ ರವಿಕೆ ಕೊಡಕ್ಕೆ ತಾರಮಂಗಲಕ್ಕೆ ಓಗ್ತಾ ಇವ್ನಿ. ನಿನ್ನ ಪೊಲೀಸ್ ಶೂಟಿಂಗ್ ಪಂದ್ಯಕ್ಕೆ ತರಿಸಿದ ಬೆಲ್ಟು ಮೆಷೀನ್ ಮೇಲೆ ಐತೆ.

ಗುಂಡು ತುಂಬೋ ಮ್ಯಾಗಜಿನ್ ಇಡೋ ಎರಡು ಪೌಚನ್ನೂ ಎಡಕ್ಕೇ ಹೊಲಿದಿದ್ರು. ಲೋಕದಲ್ಲಿರೋರೆಲ್ಲಾ ಬಲಗೈಯೋರೇ ಅನ್ಕೊಂಡವ್ರೆ! ನೀನು ಪಿಸ್ತೂಲು ಹಿಡಿಯೋದು ಎಡಗೈಲಿ, ಮ್ಯಾಗಜಿನ್ ಎಳ್ಕೊಳೋದು ಬಲಗೈಲಿ. ಅದಕ್ಕೇ ಎರಡನ್ನೂ ಬಿಚ್ಚಿ ಬಲಕ್ಕೆ ಹೊಲಿದಿವ್ನಿ.

ಮುಚ್ಚಳ ಇದ್ರೆ ತಡ ಆಯ್ತದೆ ಅಂದಿದ್ಯಲ್ಲಾ, ಕತ್ತರಿಸಿವ್ನಿ. ನೀನು ಕೊಟ್ಟ, ಮ್ಯಾಗಜಿನ್ ಅಳತೆಯ ಮರದ ಅಚ್ಚು ಅದರೊಳಗಿಟ್ಟು, ಬೆಲ್ಟು ಕಟ್ಕೊಂಡು ಮನೆ ಸುತ್ತ ಓಡಿ ನೋಡ್ದೆ, ಬೀಳಲಿಲ್ಲ. ನಿಮ್ಮವ್ವ ಬಿದ್ದೂ ಬಿದ್ದೂ ನಕ್ಕಳು. ಆದ್ರೂ ನೀನೊಂದ್ಸಲ ಕಟ್ಕೊಂಡು ಬಗ್ಗಿ ನೋಡು. ಟೈಟ್ ಆದ್ರೆ ಫೋನ್ ಮಾಡು, ನೀನಾಗಿ ಕತ್ತರಿ ಆಕಬ್ಯಾಡ. ನಿನ್ನ ಹೊಲಿಗೆ ನಾನು ಕಂಡಿವ್ನಿ.

ನೀನು ಚಿಕ್ಕೋಳಿದ್ದಾಗ ಎಡಗೈಲಿ ಉಣ್ತೀಯ ಅಂತ ಆ ಕೈನ ನಾನೇ ಬಟ್ಟೆ ಪಟ್ಟೀಲಿ ಬೆನ್ನಿಂದೆ ಕಟ್ಟಾಕ್ತಿದ್ದೆ. ನೀನು ಮರ್ತಿರಬೋದು. ಪೌಚು ಹೊಲಿಯುವಾಗ ನನಗೆ ಅದೇ ನೆಪ್ಪು.

ತಟ್ಟೇಲಿ ಇಡ್ಲಿ ಮುಚ್ಚಿಟ್ಟಿವ್ನಿ. ಯಾವ ಕೈಲಾದ್ರೂ ತಿನ್ನು.

ಅಪ್ಪ