ಕುಸ್ಕೊಗೆ ಬರುವವರು ಮಾಡಬೇಕಾದ ಒಂದೇ ಕೆಲಸ

ಕುಸ್ಕೊ ಪಟ್ಟಣ, ಹಿಮ ಮುಗಿದ ಅರವತ್ತನೇ ವರ್ಷ, ಹದಿಮೂರನೇ ತಿಂಗಳು.

ಬರುವ ಆಗಸ್ಟಿನಲ್ಲಿ ಪೆರು ದೇಶಕ್ಕೆ ಹೊರಟಿರುವ ಹುಬ್ಬಳ್ಳಿಯ ಪ್ರವಾಸಿ ಮಹಾಶಯರಿಗೆ,

ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಾಲ್ಕು ತಲೆಮಾರಿನಿಂದ ಈ ಗುಡ್ಡದ ಮೇಲೆ ಒಂದೇ ಮನೆಯವರು ಆಡಿ ಉಳಿಸಿಕೊಂಡ ಭಾಷೆ ಇದು. ಹಳೆಯ ಉಪ್ಪಿನಕಾಯಿಯಂತೆ ಹುಳಿಯೇರಿದೆ. ಈ ಓಲೆ ನಿಮಗೆ ತಲುಪಿದ್ದು ಹೇಗೆಂದು ತಲೆ ಕೆಡಿಸಿಕೊಳ್ಳಬೇಡಿ. ಕಾಲದಲ್ಲಿ ಹಿಂದಕ್ಕೆ ಹೋಗುವ ಇಂಥದ್ದನ್ನು ನಾವು ಹಿಂದೋಲೆ ಎನ್ನುತ್ತೇವೆ. ಮನೆ ಬಿಟ್ಟು ಹೋಗಬೇಕಾದ ಕುಟುಂಬಕ್ಕೆ ಸರ್ಕಾರ ಪರಿಹಾರವೆಂದು ಒಂದೇ ಒಂದು ಹಿಂದೋಲೆ ಕೊಡುತ್ತದೆ. ಎಲ್ಲರೂ ಅದನ್ನು ತೀರಿಕೊಂಡ ತಾಯಿಗೋ ತಂದೆಗೋ ಬರೆಯುತ್ತಾರೆ. ನಾನು ನಿಮ್ಮಂಥವರಿಗೆ ಬರೆಯುತ್ತಿದ್ದೇನೆ. ನನ್ನ ಹಣೆಬರಹ!

ನೀವೀಗ ಮೊಬೈಲು ಹಿಡಿದು ‘ಕುಸ್ಕೊದಲ್ಲಿ ಮಾಡಲೇಬೇಕಾದ ಹತ್ತು ಕೆಲಸಗಳು’ ಓದುತ್ತಿರುತ್ತೀರಿ. ಅವನ್ನು ಹೇಗೆ ಮಾಡುತ್ತೀರೆಂದು ನಾನೇ ಹೇಳುತ್ತೇನೆ, ಕೇಳಿ. ವಿಮಾನ ಇಳಿದವರೇ ಉಸಿರು ಸಿಗದೆ ಮೆಟ್ಟಿಲ ಮೇಲೆ ಕುಸಿದು, ಇಷ್ಟು ಎತ್ತರದಲ್ಲಿ ಊರು ಕಟ್ಟಿದವರಿಗೆ ಬುದ್ಧಿ ಇರಲಿಲ್ಲವೆನ್ನುತ್ತೀರಿ. ಕೋಕಾ ಎಲೆಯ ಚಹಾ ಕೊಟ್ಟರೆ ಹಾಲು ಸಕ್ಕರೆ ಕೇಳುತ್ತೀರಿ. ಗಾರೆಯಿಲ್ಲದೆ ಕೂಡಿಸಿದ ಇಂಕಾ ಗೋಡೆಯಲ್ಲಿ ಹನ್ನೆರಡು ಮೂಲೆಯ ಕಲ್ಲೊಂದಿದೆ. ಅದಕ್ಕೆ ಬೆನ್ನು ತಿರುಗಿಸಿ ನಿಂತು ಫೋಟೊ ತೆಗೆಸಿಕೊಂಡು, ಒಂದು ಮೂಲೆಯನ್ನೂ ನೋಡದೆ ಹೊರಡುತ್ತೀರಿ. ಸಂತೆಯಲ್ಲಿ ನೇರಳೆ, ಕೆಂಪು, ಕಪ್ಪು ಆಲೂಗಡ್ಡೆ ಕಂಡು ಮೂಗು ಮುರಿದು, ಹೋಟೆಲ್ ಕೋಣೆಯ ಬಾಗಿಲು ಹಾಕಿಕೊಂಡು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚುತ್ತೀರಿ. ಅದೂ ಸಾಲದೆಂದು ಅಡುಗೆಯವಳನ್ನೇ ಊರಿನಿಂದ ಕರೆತರುತ್ತೀರಿ. ಈ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ನೀವು ಗುಡ್ಡವನ್ನು ಬಿಟ್ಟು ಅವಳನ್ನು ಬೈಯುತ್ತೀರಿ. ಅವಳ ಹೆಸರು ನೀಲಗಂಗವ್ವ, ಗದಗಿನವಳು. ನನ್ನ ಮುತ್ತಜ್ಜಿ.

ಇನ್ನು ನನ್ನ ಸಂಗತಿಗೆ ಬರುತ್ತೇನೆ. ನಿಮ್ಮ ಹೋಟೆಲ್ ಇರುವುದು ನಮ್ಮ ಓಣಿಯಲ್ಲಿ. ಓಣಿಗೆ ನೀರು ಬರುವುದು ಗುಡ್ಡದ ಮೇಲಿನ ಒರತೆಯಿಂದ, ಕಲ್ಲಿನ ಕಾಲುವೆಯಲ್ಲಿ. ಮಳೆಗಾಲಕ್ಕೆ ಮೊದಲು ಒಂದು ದಿನ ಮನೆಮನೆಯವರೂ ಹೋಗಿ ಅದರ ಹೂಳೆತ್ತಬೇಕು. ಇಲ್ಲಿಯವರು ಇದನ್ನು ಐನಿ ಎನ್ನುತ್ತಾರೆ. ನಿಮ್ಮ ಕಡೆಯ ಮುಯ್ಯಾಳಿನ ಕೆಲಸವೇ ಅದು. ಹಿಂದಿನ ರಾತ್ರಿ ಯಾರು ಯಾವ ಮನೆಯಲ್ಲಿ ಮಲಗಿದ್ದರೋ ಅವರೇ ಆ ಮನೆಯವರು ಎಂಬುದು ಕಟ್ಟಳೆ. ಓಣಿಯ ಮುಕ್ಕಾಲು ಮನೆ ಹೋಟೆಲ್ಲಾದರೂ ಕಟ್ಟಳೆ ಬದಲಾಗಲಿಲ್ಲ. ಆದ್ದರಿಂದ ನೀವು ಬಂದ ಮರುದಿನ ಬೆಳಿಗ್ಗೆ ಸತುರ್ನಿನಾ ಎಂಬ ಮುದುಕಿ ಸಲಿಕೆಗಳನ್ನು ಹೊತ್ತು ನಿಮ್ಮನ್ನು ಕರೆಯಲು ಬಾಗಿಲಿಗೆ ಬರುತ್ತಾಳೆ. ನೀವೋ, ಅವಳ ಟೋಪಿ, ಜೋಡಿ ಜಡೆ, ಬಣ್ಣದ ಲಂಗ ನೋಡಿ, ಫೋಟೊಗೆಂದು ವೇಷ ಕಟ್ಟಿ ನಿಂತವಳೆಂದು ತಿಳಿಯುತ್ತೀರಿ! ಜೀವಮಾನವೆಲ್ಲ ಕಾಲುವೆ ಕಟ್ಟಿಸಿ ನಿವೃತ್ತರಾದ ನಿಮ್ಮ ಇಂಜಿನಿಯರ್ ಹಂಪಣ್ಣನವರು “ಲೇ, ನಂದೂ ಒಂದ್ ತಗಿಯೋ, ಸಲಿಕಿ ಕಾಣಬೇಕ್ ನೋಡು” ಎಂದು ಅವಳ ಹೆಗಲ ಮೇಲೆ ಕೈ ಹಾಕುತ್ತಾರೆ. ಎಲ್ಲರದೂ ಆದ ಮೇಲೆ ಸಲಿಕೆ ಮರಳಿಸಿ, ಅವಳ ಅಂಗೈಗೆ ಚಿಲ್ಲರೆ ಸುರಿದು, ಲಾಮಾ ನೋಡಲು ಬಸ್ಸು ಹತ್ತುತ್ತೀರಿ. ಥೂ, ನಿಮ್ಮ ಜನ್ಮಕ್ಕಿಷ್ಟು!

ಆ ಚಿಲ್ಲರೆ ನೋಡಿ ಸತುರ್ನಿನಾ ಅಲ್ಲೇ ಕೂತು ಅತ್ತಳಂತೆ. ನೀಲಗಂಗವ್ವ ಒಲೆ ಆರಿಸಿ, ಸೆರಗು ಸಿಕ್ಕಿಸಿ ಹೊರಗೆ ಬಂದು, “ಅಳಬ್ಯಾಡಬೇ ಯವ್ವಾ, ನಾ ಬರ್ತೇನಿ, ನಡಿ” ಎಂದು ಸಲಿಕೆ ಎತ್ತಿಕೊಂಡಳು. ಇದ್ದ ನಾಲ್ಕು ಜನ ಕತ್ತಲಾಗುವವರೆಗೆ ದುಡಿದರು. ಅಷ್ಟರಲ್ಲಿ ನಿಮ್ಮ ಬಸ್ಸು ಅವಳನ್ನು ಬಿಟ್ಟು ಮುಂದಿನ ಊರಿಗೆ ಹೊರಟುಹೋಗಿತ್ತು. ಅಡುಗೆಯವಳು ತಾನೇ, ಯಾರು ತಿರುಗಿ ನೋಡುತ್ತಾರೆ? ಅವಳು ಇಲ್ಲೇ ಉಳಿದಳು, ಸತುರ್ನಿನಾಳ ಮಗನನ್ನು ಮದುವೆಯಾದಳು, ಬದುಕಿದ್ದಷ್ಟು ದಿನ ಗದಗನ್ನು ನೆನೆದು ಕಣ್ಣೀರಿಟ್ಟಳು.

ಇಷ್ಟಾದರೂ ಮೇಲಿನ ತಿರುವಿನ ಹೂಳು ಉಳಿದೇಬಿಟ್ಟಿತು. ಆ ಮಳೆಗಾಲದಲ್ಲಿ ನೀರು ಅಲ್ಲಿ ಕಟ್ಟಿ, ದಂಡೆ ಒಡೆದು, ಗುಡ್ಡ ಜಾರಿ ಒರತೆಯ ಬಾಯಿ ಮುಚ್ಚಿತು. ಬೆಟ್ಟಗಳಲ್ಲಿ ಹಿಮವಿರುವವರೆಗೆ ಅದು ಕರಗಿದ ನೀರಿನಲ್ಲಿ ಹೇಗೋ ನಡೆಯಿತು. ಆಮೇಲೆ ನಮ್ಮದು ಮಂಜುಬಲೆಯ ಸಂಸಾರ. ಬೆಳಗಿನ ಮಂಜನ್ನು ಹಿಡಿಯುವ ಬಲೆ ಅದು. ಅದನ್ನು ಹಿಂಡಿದರೆ ಮನೆಗೊಂದು ತಂಬಿಗೆ ನೀರು. ಅದರಲ್ಲೇ ಕುಡಿಯುವುದು, ಬೇಯಿಸುವುದು, ಉಳಿದರೆ ಕೂಸಿನ ಮುಖ ಒರೆಸುವುದು. ಬರುವ ಅಮಾವಾಸ್ಯೆಗೆ ಓಣಿಯನ್ನು ಖಾಲಿ ಮಾಡಿಸಿ ನೋಟದೂರು ಮಾಡುತ್ತಾರೆ; ಎಂದರೆ ಯಾರೂ ಬಾಳದ, ಬರೀ ನೋಡುವ ಊರು. ನಿಮಗೆ ಬೇಕಾದ್ದೂ ಇದೇ ಅಲ್ಲವೇ?

ಆದ್ದರಿಂದ ಆ ಹತ್ತು ಕೆಲಸಗಳನ್ನು ಸುಟ್ಟು ಹಾಕಿ, ಇದೊಂದನ್ನು ಮಾಡಿ. ಸತುರ್ನಿನಾ ಬಂದಾಗ ಸಲಿಕೆ ಹಿಡಿದು ಅವಳ ಹಿಂದೆ ಗುಡ್ಡ ಹತ್ತಿ. ಏದುಸಿರು ಬರುತ್ತದೆ, ಬರಲಿ. ನೀವೆಲ್ಲ ಕೈ ಹಾಕಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಮೇಲಿನ ತಿರುವೂ ಮುಗಿಯುತ್ತದೆ. ನೀಲಗಂಗವ್ವನೂ ನಿಮ್ಮ ಜೊತೆಗೇ ಬಸ್ಸು ಹತ್ತುತ್ತಾಳೆ.

ನನ್ನ ಗಂಡ ಎವರಿಸ್ತೊ ಇದನ್ನು ಓದಿ, ನನ್ನಿಂದಲೇ ಕಲಿತ ಕನ್ನಡದಲ್ಲಿ “ಹಂಗಾದ್ರ ನೀ ಹುಟ್ಟೂದ ಇಲ್ಲಲ್ಲ!” ಎಂದು ಓಲೆ ಕಸಿದುಕೊಂಡ. ನನಗೇನು ಅಷ್ಟೂ ತಿಳಿಯದೇ? ನಾನು ತ್ಯಾಗಮೂರ್ತಿಯಲ್ಲ, ನನಗೆ ಭಯವಾಗುತ್ತಿದೆ. ಅವನನ್ನು ಬಿಟ್ಟು ಇಲ್ಲವಾಗುವುದನ್ನು ನೆನೆದು, ರಾತ್ರಿ ಅವನ ಅಂಗಿಯ ತುದಿ ಹಿಡಿದೇ ಮಲಗುತ್ತೇನೆ. ಆದರೆ ಇವತ್ತು ಬೆಳಿಗ್ಗೆ ಎದುರು ಮನೆಯ ಕೂಸು ಬಾಯಾರಿ ಗೋಡೆಯ ಕಲ್ಲು ನೆಕ್ಕುತ್ತಿತ್ತು. ಅದನ್ನು ನೋಡಿದ ಮೇಲೆ ಓಲೆಯನ್ನು ಅವನ ಕೈಯಿಂದ ವಾಪಸು ಪಡೆದೆ.

ನಿಮ್ಮ ಮೇಲೆ ನನಗೆ ಕಿಂಚಿತ್ತೂ ಗೌರವವಿಲ್ಲ, ನಂಬಿಕೆಯೂ ಅಷ್ಟಕ್ಕಷ್ಟೇ. ಆದರೂ ಕೈ ಮುಗಿಯುತ್ತೇನೆ. ಹೊರಡುವ ಮುನ್ನ ನೀಲಗಂಗವ್ವ ಹತ್ತಿದಳೇ ಎಂದು ನೋಡಿ. ಅವಳನ್ನು ಕಿಟಕಿಯ ಪಕ್ಕ ಕೂರಿಸಿ, ಅವಳ ಊರಿಗೆ ಮುಟ್ಟಿಸಿ.

ಈ ಗಳಿಗೆಯವರೆಗೂ ಇರುವ,
ಸಿಸಾ ಕಿಸ್ಪೆ