ಟೀಚರಮ್ಮನ ಬಟ್ಟಲು

ಹಳೆ ಗಾಜಿನ ಅಂಗಡಿಯ ಹಿಂಕೋಣೆ,
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ಪ್ರೀತಿಯ ತಂಗೀ,

ಹೇಗಿದ್ದೀಯಾ? ಮಂಡಿನೋವು ಕಡಿಮೆಯಾಯಿತೇ? ಹೊಸ ಕೆಲಸದ ಜಾಗದಲ್ಲಿ ಮೂರು ಮಹಡಿ ಹತ್ತಬೇಕಂತೆ, ಪಕ್ಕದ ಗಡಿಯಾರ ರಿಪೇರಿಯವನ ಹೆಂಡತಿ ಹೇಳಿದಳು. ನಿನ್ನ ಸುದ್ದಿ ನನಗೆ ಅವಳ ಬಾಯಿಂದ ಬರುವ ಕಾಲ ಬಂತು ನೋಡು. ನಾನು ಚೆನ್ನಾಗಿದ್ದೇನೆ. ಸಕ್ಕರೆ ಇಲ್ಲದ ಚಹಾ ಅಭ್ಯಾಸವಾಗಿದೆ, ಒಬ್ಬನೇ ಕುಡಿಯುವುದು ಮಾತ್ರ ಇನ್ನೂ ಆಗಿಲ್ಲ.

ಹೋದ ತಿಂಗಳು ತೀರಿಕೊಂಡ ಒಬ್ಬ ಕಣ್ಣಿನ ವೈದ್ಯರ ಮನೆಯನ್ನು ಅವರ ಮಕ್ಕಳು ನನ್ನಿಂದ ಖಾಲಿ ಮಾಡಿಸಿದರು. ನೀಲಿ ಔಷಧಿ ಸೀಸೆಗಳು, ಕಾಲಿರುವ ಆರು ಲೋಟಗಳು, ಜೊತೆಗೆ ಒಂದು ಪೆಟ್ಟಿಗೆ ಗಾಜಿನ ಕಣ್ಣುಗಳು ಸಿಕ್ಕವು. ಹನ್ನೊಂದು ಕಣ್ಣು, ಎಲ್ಲವೂ ಕಂದು. ನೀನಿದ್ದಿದ್ದರೆ ಅವನ್ನು ಕಿಟಕಿಯಲ್ಲಿ ಸಾಲಾಗಿಟ್ಟು ಬೀದಿಯವರನ್ನೆಲ್ಲ ಹೆದರಿಸುತ್ತಿದ್ದೆ. ನಾನು ಮುಚ್ಚಳ ಮುಚ್ಚಿ ಅಟ್ಟಕ್ಕೆ ಹಾಕಿದೆ. ತಮಾಷೆ ಮಾಡಲೂ ಇಬ್ಬರು ಬೇಕು. ಈಗ ಗಾಜು ತೊಳೆದು ಒರೆಸಿ, ತಿರುಗಿ ನಿನ್ನ ಕೈಗೆ ಕೊಡಲು ಹೋಗುತ್ತೇನೆ, ಆಮೇಲೆ ಪೆಚ್ಚಾಗಿ ನಾನೇ ಕಪಾಟಿನಲ್ಲಿಡುತ್ತೇನೆ. ದಿನಕ್ಕೆ ನಾಲ್ಕು ಸಲವಾದರೂ ಹೀಗಾಗುತ್ತದೆ.

ಅಪ್ಪ ನಮಗೆ ಕೆಲಸ ಹಂಚಿಕೊಟ್ಟಿದ್ದು ನೆನಪಿದೆಯಲ್ಲ, ಕಣ್ಣು ನಿನ್ನದು, ಕಿವಿ ನನ್ನದು ಎಂದು. ತಳದ ಗೀರು ನೋಡುವವಳು ನೀನು, ಉಗುರಿನಿಂದ ತಟ್ಟಿ ಸದ್ದು ಕೇಳುವವನು ನಾನು, ಹಳೆಯ ಅಸಲಿ ಗಾಜಾದರೆ ಮೊಳಗುತ್ತದೆ, ನಕಲಿಯಾದರೆ ಇಲ್ಲ. ಮೂವತ್ತು ವರ್ಷ ಆ ಲೆಕ್ಕ ತಪ್ಪಿರಲಿಲ್ಲ. ಟೀಚರಮ್ಮ ತಮ್ಮ ಅಜ್ಜಿಯ ಗಾಜಿನ ಬಟ್ಟಲು ತಂದ ದಿನ ನೀನು ತಳ ನೋಡಿ ಹಳೆಯದೇ ಎಂದೆ. ನಾನು ತಟ್ಟಿ, ಹೊಸ ಮಾಲು, ಯಾರೋ ನಿಮಗೆ ಟೋಪಿ ಹಾಕಿದ್ದಾರೆ ಎಂದೆ. "ಅಣ್ಣಾ, ಇನ್ನೊಂದ್ಸಲ ತಟ್ಟು, ಎಷ್ಟು ಚೆನ್ನಾಗಿ ಮೊಳಗ್ತಿದೆ" ಎಂದು ನೀನು ಮೆಲ್ಲಗೆ ಹೇಳಿದೆ. ಅದಕ್ಕೆ ನಾನು ಅವರೆದುರಿಗೇ ಆಡಿದ ಮಾತು, "ನಿಂಗೆ ಕಿವಿ ಇದ್ದಿದ್ರೆ ಅಪ್ಪ ಆ ಕೆಲಸ ನಿಂಗೇ ಕೊಡ್ತಿದ್ರು." ನೀನು ಏಪ್ರನ್ ಬಿಚ್ಚಿ, ಮಡಚಿಟ್ಟು ಹೋದೆ. ಎಂಟು ತಿಂಗಳಾಯಿತು.

ಹೋದ ವಾರ ಟೀಚರಮ್ಮನ ಮನೆ ಹುಡುಕಿಕೊಂಡು ಹೋದೆ. ಅಜ್ಜಿಯ ಬಟ್ಟಲಿನಲ್ಲಿ ಗುಂಡಿ, ಸೂಜಿದಾರ ತುಂಬಿಟ್ಟಿದ್ದರು, ನನ್ನ ಮಾತು ನಂಬಿ. ಭೂತಗನ್ನಡಿ ಹಿಡಿದು ತಳ ನೋಡಿದೆ. ಗೀರುಗಳು ಅಡ್ಡಾದಿಡ್ಡಿಯಾಗಿವೆ, ಹತ್ತಾರು ವರ್ಷ ಮೇಜಿನ ಮೇಲೆ ಸರಿದಾಡಿದ ಗಾಜಿಗೆ ಇರುವ ಹಾಗೆ. ಹಳೆಯದೆಂದು ತೋರಿಸಲು ಮರಳುಕಾಗದ ಉಜ್ಜಿದ ಗುರುತು ಒಂದೂ ಇಲ್ಲ. ತಪ್ಪಾಯಿತು ಎಂದು ಅವರ ಕೈ ಹಿಡಿದೆ. ಅವರು, ಅದನ್ನು ನನಗೇಕೆ ಹೇಳುತ್ತೀರಿ, ನಿಮ್ಮ ತಂಗಿಗೆ ಹೇಳಿ ಎಂದರು. ಹೇಳುತ್ತಿದ್ದೇನೆ. ತಪ್ಪಾಯಿತು ತಂಗೀ. ನೀನಿಲ್ಲದೆ ಈ ಅಂಗಡಿಯಲ್ಲಿ ನನಗೆ ಬಹಳ ಒಂಟಿಯೆನಿಸುತ್ತದೆ.

ಮಂಡಿಗೆ ಬಿಸಿನೀರಿನ ಶಾಖ ಕೊಡು. ಎಲ್ಲಿದ್ದರೂ ಸುಖವಾಗಿರು, ನೂರು ಕಾಲ ಬಾಳು.

ಇತಿ,
ನಿನ್ನ ಮೊಂಡ ಅಣ್ಣ

ಮತ್ತೆ: ಒಂದು ಮಾತು ಮರೆತೆ. ಮರೆತಿದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ವೈದ್ಯರ ಮನೆಯ ಆರು ಲೋಟಗಳನ್ನೂ ತಟ್ಟಿದೆ, ಒಂದರಿಂದಲೂ ಸದ್ದು ಬರಲಿಲ್ಲ. ಅನುಮಾನ ಬಂದು, ಹೋಲಿಸಿ ನೋಡಲೆಂದು ಅಪ್ಪ ಇಟ್ಟುಹೋದ ಅಸಲಿ ಲೋಟವನ್ನೇ ತಟ್ಟಿದೆ. ಅದೂ ಹಾಗೇ. ಪಕ್ಕದಲ್ಲಿದ್ದ ಗಡಿಯಾರದವನು ಮಾತ್ರ ಎಷ್ಟು ಹೊತ್ತು ಮೊಳಗುತ್ತಿದೆ ಎಂದು ಬೆರಗಾದ. ಚೂಪು ಸದ್ದುಗಳು ಕೇಳಿಸದಾಗಿ ವರ್ಷದ ಮೇಲಾಗಿರಬೇಕು, ಉಳಿದದ್ದೂ ಹೋಗುತ್ತಿದೆ ಎಂದು ಕಿವಿ ಡಾಕ್ಟರು ಹೇಳಿದರು. ಬಟ್ಟಲು ಅಂದು ಮೊಳಗಿತ್ತು ತಂಗೀ, ನನಗೆ ಕೇಳಿಸಲಿಲ್ಲ ಅಷ್ಟೇ. ಫೋನ್ ಮಾಡಬೇಡ, ಅದರಲ್ಲಿ ಈಗ ಯಾರ ಮಾತೂ ತಿಳಿಯುವುದಿಲ್ಲ. ಬೈಯುವುದಿದ್ದರೆ ಬಂದು ಎದುರಿಗೆ ಕೂತು ನಿಧಾನವಾಗಿ ಬೈ. ತುಟಿ ನೋಡಿಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತೇನೆ.